ವಿಜ್ಞಾನಕಥೆಗಾರರಲ್ಲಿ ಯಾರನ್ನು ಓದಬೇಕು?

ವಿಜ್ಞಾನದ ಪುಸ್ತಕಗಳನ್ನು ಪ್ರೀತಿಯಿಂದ ಓದುವವರಲ್ಲಿಯೂ ಕೆಲವರು ವಿಜ್ಞಾನಕಥೆಯೆಂದೊಡನೆ ಮುಖ ತಿರುಗಿಸುವುದುಂಟು. ಅದು ಬರಿಯ ಕಟ್ಟುಕಥೆ, ಅದರಿಂದ ತಿಳಿಯುವುದೇನೂ ಇಲ್ಲ ಎಂಬುದು ಅವರ ಆಕ್ಷೇಪ. ಇನ್ನೊಂದು ಕಡೆ, ಅಂಥ ಕಥೆಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿ, ಅವುಗಳಲ್ಲಿ ಬಂದುದೆಲ್ಲ ಇಂದಲ್ಲ ನಾಳೆ ನಡೆದೇ ತೀರುವುದೆಂದು ನಂಬುವವರೂ ಇದ್ದಾರೆ. ಮೊದಲನೆಯವರು ಊಟದ ಎಲೆಯ ಮುಂದೆ ಕೂಡುವುದಕ್ಕೇ ಒಪ್ಪದವರು. ಎರಡನೆಯವರು ಅಗಿಯದೆ ನುಂಗುವವರು. ಇಬ್ಬರಿಗೂ ರುಚಿ ತಿಳಿಯದು.

ಈ ಲೇಖನದಲ್ಲಿ ನಮಗೆ ಪ್ರಿಯರಾದ ಕೆಲವು ಕಥೆಗಾರರನ್ನು ವಾಚಕರಿಗೆ ಪರಿಚಯಮಾಡಿಕೊಡಬೇಕೆಂದಿದ್ದೇವೆ. ಆದರೆ ಬರಿಯ ಹೆಸರುಗಳ ಪಟ್ಟಿಯಿಂದ ಪ್ರಯೋಜನವಿಲ್ಲ. ಯಾವ ಕಥೆ ಚಿನ್ನ, ಯಾವುದು ಹಿತ್ತಾಳೆ ಎಂಬುದನ್ನು ಓದುವವರು ತಾವೇ ನಿರ್ಣಯಿಸುವಂತಾಗಲು ಒಂದು ಒರೆಗಲ್ಲು ಬೇಕು. ನಾವು ಬಳಸುವ ಒರೆಗಲ್ಲು ಇದು: ಕಥೆಗಾರನಿಗೆ ಒಂದು ಸುಳ್ಳನ್ನು ಹೇಳುವ ಸ್ವಾತಂತ್ರ್ಯವುಂಟು. ಗುರುತ್ವಾಕರ್ಷಣವನ್ನು ತಡೆಯುವ ಲೋಹವಿದೆಯೆಂದಾಗಲಿ, ಕಾಲದಲ್ಲಿ ಹಿಂದುಮುಂದಾಗಿ ಸಂಚರಿಸುವ ಯಂತ್ರವಿದೆಯೆಂದಾಗಲಿ ಆತ ಹೇಳಿದರೆ ನಾವು ಒಪ್ಪಿಕೊಳ್ಳೋಣ. ಆದರೆ ಆ ಒಂದನ್ನು ಒಪ್ಪಿದ ಮೇಲೆ ಉಳಿದುದೆಲ್ಲವೂ ಪ್ರಕೃತಿಯ ನಿಯಮಗಳಿಗೆ ಅನುಸಾರವಾಗಿ, ಲೆಕ್ಕಕ್ಕೆ ಸಿಕ್ಕುವಂತೆ ನಡೆಯಬೇಕು. ಇದು ಕಥೆಗಾರನ ಕರ್ತವ್ಯ. ಕೈಯಲ್ಲಿ ಪೆನ್ಸಿಲನ್ನು ಹಿಡಿದು ಆ ಲೆಕ್ಕವನ್ನು ಪರಿಶೀಲಿಸುವುದು ನಮ್ಮ ಕರ್ತವ್ಯ.

ಫಿರಂಗಿಯ ಲೆಕ್ಕ

ಮೊದಲು ಫ್ರಾನ್ಸ್ ದೇಶದ ಜೂಲ್ಸ್ ವರ್ನ್‌ನನ್ನು ತೆಗೆದುಕೊಳ್ಳೋಣ. ಭೂಮಿಯಿಂದ ಚಂದ್ರನಿಗೆ ಹೋಗುವುದನ್ನು ಕುರಿತ ಈತನ ಕಾದಂಬರಿ ಪ್ರಕಟವಾದುದು ೧೮೬೫ರಲ್ಲಿ. ಅದರಲ್ಲಿ ೯೦೦ ಅಡಿ ಉದ್ದದ ಒಂದು ಫಿರಂಗಿಯನ್ನು ಅಮೆರಿಕದ ಫ್ಲಾರಿಡಾ ಪ್ರಾಂತದ ನೆಲದಲ್ಲಿ ನೆಟ್ಟಗೆ ಎರಕ ಹೊಯ್ದು, ಮೂವರು ಮನುಷ್ಯರು ಕುಳಿತ ಗುಂಡನ್ನು ಸೆಕೆಂಡಿಗೆ ಸುಮಾರು ೧೧ ಕಿಲೋಮೀಟರು ವೇಗದಲ್ಲಿ ಹಾರಿಸುತ್ತಾರೆ. ಈ ವೇಗ ಸುಮ್ಮನೆ ಊಹಿಸಿದುದಲ್ಲ. ಭೂಮಿಯ ಸೆಳೆತವನ್ನು ಮೀರಿ ಹೋಗಲು ಬೇಕಾದ ವೇಗವೇ ಸರಿಸುಮಾರು ಅಷ್ಟು. ಸ್ಥಳವನ್ನು ಆರಿಸಿದುದಕ್ಕೂ ವರ್ನ್ ಕಾರಣವನ್ನು ಕೊಡುತ್ತಾನೆ: ಚಂದ್ರನು ನೆತ್ತಿಯ ಮೇಲೆ ಬರುವುದು ಸಮಭಾಜಕದಿಂದ ೨೮ ಡಿಗ್ರಿಗಳೊಳಗಿನ ಪ್ರದೇಶದಲ್ಲಿ ಮಾತ್ರ. ೧೯೬೮ರ ಡಿಸೆಂಬರಿನಲ್ಲಿ ಅಪೊಲೊ ೮ ನೌಕೆ ಮೂವರನ್ನು ಹೊತ್ತು ಅದೇ ಫ್ಲಾರಿಡಾದಿಂದ ಹೊರಟು, ಚಂದ್ರನನ್ನು ಸುತ್ತಿ, ವರ್ನ್‌ನ ಪ್ರಯಾಣಿಕರಂತೆಯೇ ಪೆಸಿಫಿಕ್ ಸಾಗರದಲ್ಲಿ ಬಂದಿಳಿಯಿತು.

ಇಷ್ಟನ್ನು ಕೇಳಿ ಬೆರಗಾಗಿ ನಿಂತುಬಿಡುವವರೇ ಹೆಚ್ಚು. ನಾವು ಇನ್ನೊಂದು ಹೆಜ್ಜೆ ಮುಂದಿಡೋಣ. ೯೦೦ ಅಡಿಯೆಂದರೆ ೨೭೪ ಮೀಟರು. ನಿಶ್ಚಲವಾಗಿದ್ದ ಗುಂಡು ಇಷ್ಟು ದೂರದೊಳಗೆ ಸೆಕೆಂಡಿಗೆ ೧೧,೦೦೦ ಮೀಟರು ವೇಗವನ್ನು ಪಡೆಯಬೇಕು. ಅದರ ವೇಗ ಒಂದೇ ಸಮನಾಗಿ ಏರುವುದೆಂದು ಭಾವಿಸಿದರೆ ಸರಾಸರಿ ವೇಗ ೫,೫೦೦ ಮೀಟರು. ಆದುದರಿಂದ ಫಿರಂಗಿಯೊಳಗೆ ಅದು ಇರುವ ಕಾಲ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಅಷ್ಟರಲ್ಲಿ ೧೧,೦೦೦ ಮೀಟರು ವೇಗ ಬರಬೇಕಾದರೆ ವೇಗೋತ್ಕರ್ಷವು ಭೂಮಿಯ ಗುರುತ್ವದ ೨೨,೦೦೦ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ೬೦ ಕಿಲೋಗ್ರಾಂ ತೂಕದ ಮನುಷ್ಯನ ಮೇಲೆ ಆ ಕ್ಷಣದಲ್ಲಿ ಬೀಳುವ ಭಾರ ೧,೩೦೦ ಟನ್ನಿಗೂ ಮಿಗಿಲು. ವರ್ನ್ ಗುಂಡಿನ ತಳದಲ್ಲಿ ನೀರನ್ನು ತುಂಬಿಸಿ ಏಟನ್ನು ತಗ್ಗಿಸಲು ಯತ್ನಿಸಿದ್ದಾನೆ. ಪಾಪ, ಅದರಿಂದ ಆ ಮೂವರೂ ಉಳಿಯುತ್ತಿರಲಿಲ್ಲ.

ಹಾಗಾದರೆ ವರ್ನ್ ತಿರಸ್ಕಾರಕ್ಕೆ ಯೋಗ್ಯನೇ? ಅಲ್ಲವೇ ಅಲ್ಲ. ಆತನ ತಪ್ಪನ್ನು ನಾವು ಹಿಡಿಯಲು ಸಾಧ್ಯವಾದುದಕ್ಕೆ ಕಾರಣ, ಆತ ಉದ್ದ, ತೂಕ, ವೇಗಗಳನ್ನು ಮುಚ್ಚುಮರೆಯಿಲ್ಲದೆ ನಮ್ಮ ಮುಂದಿಟ್ಟದ್ದು. ಮೋಸಗಾರನು ಎಂದೂ ತನ್ನ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸುವುದಿಲ್ಲ. ರಷ್ಯದ ಶಾಲಾ ಉಪಾಧ್ಯಾಯ ತ್ಸಿಯೊಲ್ಕೊವ್ಸ್ಕಿ ಬಾಹ್ಯಾಕಾಶಯಾನದ ಕಡೆಗೆ ತನ್ನ ಮನಸ್ಸು ತಿರುಗಿದುದು ವರ್ನ್‌ನಿಂದಲೇ ಎಂದು ಒಪ್ಪಿಕೊಂಡಿದ್ದಾನೆ. ಫಿರಂಗಿಯಿಂದ ಆಗದ ಕೆಲಸ ಹಂತಹಂತವಾಗಿ ವೇಗವನ್ನು ಪಡೆಯುವ ರಾಕೆಟಿನಿಂದ ಆಗುವುದೆಂಬುದನ್ನು ಆತ ೧೯೦೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದ ತೋರಿಸಿದನು. ಒಂದು ಪ್ರಾಮಾಣಿಕವಾದ ತಪ್ಪು ಹೀಗೂ ಫಲ ಕೊಡುವುದುಂಟು.

ವೆಲ್ಸ್‌ನ ಸುಳ್ಳುಗಳು

ಇಂಗ್ಲೆಂಡಿನ ಎಚ್. ಜಿ. ವೆಲ್ಸ್‌ನ ದಾರಿ ಬೇರೆ. ೧೯೦೧ರಲ್ಲಿ ಬಂದ ಚಂದ್ರಯಾನದ ಕಾದಂಬರಿಯಲ್ಲಿ ಆತ ಫಿರಂಗಿಯ ಗೋಜಿಗೇ ಹೋಗದೆ, ಗುರುತ್ವಾಕರ್ಷಣವನ್ನು ತಡೆಯಬಲ್ಲ "ಕೇವೊರೈಟ್" ಎಂಬ ಪದಾರ್ಥವನ್ನು ಕಲ್ಪಿಸಿಕೊಂಡನು. ತಾನು ಭೌತಶಾಸ್ತ್ರವನ್ನು ಬಳಸಿದರೆ ವೆಲ್ಸ್ ಬರಿಯ ಕಲ್ಪನೆಯನ್ನು ಬಳಸುತ್ತಾನೆಂದು ಮುಪ್ಪಿನ ವರ್ನ್ ಗೊಣಗಿದ್ದುಂಟು. ನಮ್ಮ ಒರೆಗಲ್ಲಿನ ಪ್ರಕಾರ ಕೇವೊರೈಟನ್ನು ಒಪ್ಪಬಹುದು. ಅದರ ಪರಿಣಾಮಗಳನ್ನು ವೆಲ್ಸ್ ಎಷ್ಟು ದೂರ ಹಿಂಬಾಲಿಸಿದನೆಂಬುದೇ ಪ್ರಶ್ನೆ. ಒಂದನ್ನು ಬಹಳ ಚೆನ್ನಾಗಿ ಹಿಂಬಾಲಿಸಿದ್ದಾನೆ: ಆ ಹಾಳೆಯ ಮೇಲಿರುವ ಗಾಳಿಯೂ ತೂಕವನ್ನು ಕಳೆದುಕೊಂಡು, ಸುತ್ತಲಿನ ಗಾಳಿಯ ಒತ್ತಡದಿಂದ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ.

ಇನ್ನೊಂದನ್ನು ಮಾತ್ರ ಬಿಟ್ಟುಬಿಟ್ಟಿದ್ದಾನೆ. ಒಂದು ಕಿಲೋಗ್ರಾಂ ವಸ್ತುವನ್ನು ಭೂಮಿಯ ಸೆಳೆತದಿಂದ ಪೂರ್ತಿಯಾಗಿ ಬಿಡಿಸಲು ಸುಮಾರು ೬.೨ ಕೋಟಿ ಜೌಲ್ ಶಕ್ತಿ ಬೇಕು. ೬೦ ಕಿಲೋಗ್ರಾಂ ಮನುಷ್ಯನಿಗೆ ಇದು, ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, ಸುಮಾರು ೧,೦೦೦ ಯೂನಿಟ್ಟು. ಶಕ್ತಿ ಸಂರಕ್ಷಣ ನಿಯಮವನ್ನು ಯಾವ ಹಾಳೆಯೂ ಅಳಿಸಲಾರದು. ಆದುದರಿಂದ ಆ ಹಾಳೆಯ ಮೇಲಕ್ಕೆ ಒಂದು ಹೆಜ್ಜೆ ಇಡಬೇಕಾದರೂ ಅಷ್ಟೇ ಶಕ್ತಿಯನ್ನು ವ್ಯಯಮಾಡಬೇಕಾಗುವುದು. ಚಂದ್ರಯಾನದ ಶ್ರಮವೆಲ್ಲ ಆ ಒಂದು ಹೆಜ್ಜೆಯಲ್ಲಿಯೇ ಬಂದು ಕುಳಿತಿರುತ್ತದೆ! ಹಾಗೆಯೇ ೧೮೯೭ರ ಅದೃಶ್ಯ ಮನುಷ್ಯನ ಕಥೆ. ದೇಹವೆಲ್ಲ ಗಾಳಿಯಷ್ಟೇ ಪಾರದರ್ಶಕವಾದರೆ ಅಕ್ಷಿಪಟವೂ ಬೆಳಕನ್ನು ಹೀರದೆ ಬಿಟ್ಟುಬಿಡುವುದು. ಯಾರ ಕಣ್ಣಿಗೂ ಬೀಳದವನು ತಾನೂ ಕುರುಡನಾಗಿರಬೇಕು.

ಆದರೂ ವೆಲ್ಸ್‌ನನ್ನು ನಾವು ಪಟ್ಟಿಯಿಂದ ತೆಗೆಯಲಾರೆವು. ಆತ ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿಯ ಬಳಿ ಜೀವಶಾಸ್ತ್ರವನ್ನು ಕಲಿತವನು. ೧೮೯೮ರಲ್ಲಿ ಪ್ರಕಟವಾದ ಮಂಗಳಗ್ರಹದವರ ದಾಳಿಯ ಕಾದಂಬರಿಯಲ್ಲಿ ಆ ಕಲಿಕೆ ಎದ್ದು ಕಾಣುತ್ತದೆ. ಫಿರಂಗಿಗಳಿಗೂ ಜಗ್ಗದ ಆಕ್ರಮಣಕಾರರು ಕೊನೆಗೆ ಭೂಮಿಯ ರೋಗಾಣುಗಳಿಂದ ಸಾಯುತ್ತಾರೆ. ಇದು ಕಥೆಯನ್ನು ಹೇಗಾದರೂ ಮುಗಿಸಲು ಹೂಡಿದ ಉಪಾಯವಲ್ಲ. ಮನುಷ್ಯಕುಲವು ಎಣಿಕೆಯಿಲ್ಲದ ಸಾವುಗಳ ಬೆಲೆಯನ್ನು ತೆತ್ತು ಪಡೆದ ರೋಗನಿರೋಧವು ಹೊಸದಾಗಿ ಬಂದಿಳಿದವರಿಗೆ ಇರುವುದು ಸಾಧ್ಯವಿಲ್ಲ. ಅಲ್ಲದೆ, ಮಂಗಳದವರನ್ನು ಹಳಿಯುವ ಮುನ್ನ ಯೂರೋಪಿನವರು ಟಾಸ್ಮೇನಿಯದ ಮೂಲನಿವಾಸಿಗಳಿಗೆ ಮಾಡಿದುದೇನೆಂಬುದನ್ನು ನೆನೆಯಿರೆಂದು ವೆಲ್ಸ್ ಗ್ರಂಥದ ಮೊದಲಿನಲ್ಲಿಯೇ ತನ್ನ ದೇಶದವರಿಗೆ ತಿಳಿಸಿದ್ದಾನೆ.

ತಪ್ಪು ಹಿಡಿಯುವ ಆಟ

ವಿಜ್ಞಾನಕಥೆಯ ಲೇಖಕನಿಗೂ ಓದುಗನಿಗೂ ನಡುವೆ ಒಂದು ಆಟವಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡವನು ಅಮೆರಿಕದ ಹಾಲ್ ಕ್ಲೆಮೆಂಟ್. ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ಈತನ ಮುಖ್ಯ ಕಾದಂಬರಿ ಪತ್ರಿಕೆಯಲ್ಲಿ ಬಂದುದು ೧೯೫೩ರಲ್ಲಿ. ಅದರ ರಂಗಸ್ಥಳ ಮೆಸ್ಕ್ಲಿನ್ ಎಂಬ ಕಲ್ಪಿತ ಗ್ರಹ. ಭಾರಿ ದ್ರವ್ಯರಾಶಿಯ ಈ ಗ್ರಹ ಸುಮಾರು ೧೮ ನಿಮಿಷಗಳಿಗೊಮ್ಮೆ ತನ್ನ ಸುತ್ತ ತಿರುಗುವುದರಿಂದ ಚಪ್ಪಟೆಯಾಗಿದೆ. ಸಮಭಾಜಕದಲ್ಲಿ ವಸ್ತುಗಳ ತೂಕ ನಮ್ಮಲ್ಲಿರುವುದರ ೩ ಪಟ್ಟು, ಧ್ರುವದಲ್ಲಿ ಹತ್ತಿರಹತ್ತಿರ ೭೦೦ ಪಟ್ಟು. ಅಲ್ಲಿನ ಜೀವಿಗಳು ನೆಲಕ್ಕಂಟಿ ಹರಿಯುವ ಸಣ್ಣ ಜರಿಹುಳುಗಳಂತಿವೆ. ಎತ್ತರವೆಂದರೆ ಅವಕ್ಕೆ ಪ್ರಾಣಭಯ. ಏಕೆಂದು ಲೆಕ್ಕ ಹಾಕಿ ನೋಡಿರಿ. ಅಲ್ಲಿ ೧೫ ಸೆಂಟಿಮೀಟರು ಎತ್ತರದಿಂದ ಬೀಳುವುದೆಂದರೆ ಇಲ್ಲಿ ೧೦೫ ಮೀಟರು ಎತ್ತರದಿಂದ ಬಿದ್ದಂತೆ. ಗುರುತ್ವದ ಒಂದು ಅಂಕಿಯಿಂದ ಒಂದು ಜನಾಂಗದ ಹೆದರಿಕೆಗಳು, ಹಡಗುಗಳು, ನಡತೆಗಳು ಎಲ್ಲವೂ ಹೇಗೆ ಹೊರಡುತ್ತವೆಂಬುದನ್ನು ಕ್ಲೆಮೆಂಟ್ ತೋರಿಸಿದಷ್ಟು ಚೆನ್ನಾಗಿ ತೋರಿಸಿದವರು ವಿರಳ.

ಈ ಆಟದಲ್ಲಿ ಓದುಗರು ಗೆದ್ದ ಪ್ರಸಂಗವೊಂದನ್ನೂ ಹೇಳಬೇಕು. ಲ್ಯಾರಿ ನಿವೆನ್ ೧೯೭೦ರಲ್ಲಿ ಬರೆದ ಕಾದಂಬರಿಯಲ್ಲಿ ಒಂದು ನಕ್ಷತ್ರವನ್ನು ಬಳಸಿ, ಭೂಮಿಯ ಕಕ್ಷೆಯಷ್ಟು ದೊಡ್ಡದಾದ ಗಟ್ಟಿ ಉಂಗುರವೊಂದು ತಿರುಗುತ್ತದೆ. ೧೯೭೧ರ ವಿಜ್ಞಾನಕಥಾ ಸಮ್ಮೇಳನದಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು, ಆ ಉಂಗುರಕ್ಕೆ ಸ್ಥಿರತೆಯಿಲ್ಲವೆಂದು ಕೂಗುತ್ತ ಓಡಾಡಿದರಂತೆ. ಅವರ ಮಾತು ನಿಜ. ಗಟ್ಟಿಯಾದ ಏಕರೂಪದ ಉಂಗುರವು ಸ್ಥಿರವಾಗಿ ನಿಲ್ಲಲಾರದೆಂಬುದನ್ನು ಮ್ಯಾಕ್ಸ್‌ವೆಲ್ ಶನಿಗ್ರಹದ ಬಳೆಗಳನ್ನು ಕುರಿತ ೧೮೫೯ರ ಪ್ರಬಂಧದಲ್ಲಿಯೇ ಸಾಧಿಸಿದ್ದನು. ಉಂಗುರ ಕೊಂಚ ಪಕ್ಕಕ್ಕೆ ಸರಿದರೆ ಹತ್ತಿರವಾದ ಭಾಗವನ್ನು ನಕ್ಷತ್ರ ಇನ್ನಷ್ಟು ಬಲವಾಗಿ ಸೆಳೆಯುತ್ತದೆ. ಸರಿದುದು ಮತ್ತೆ ಸರಿಹೋಗುವುದಿಲ್ಲ. ನಿವೆನ್ ಕೋಪಿಸಿಕೊಳ್ಳಲಿಲ್ಲ. ೧೯೮೦ರಲ್ಲಿ ಇನ್ನೊಂದು ಕಾದಂಬರಿಯನ್ನು ಬರೆದು, ಉಂಗುರವನ್ನು ಸ್ಥಾನದಲ್ಲಿ ನಿಲ್ಲಿಸುವ ಯಂತ್ರಗಳನ್ನು ಅದರ ಅಂಚಿಗೆ ಕೂಡಿಸಿದನು. ತಪ್ಪನ್ನು ತೋರಿಸಿದವರಿಗೆ ಕೃತಜ್ಞನಾಗುವ ಲೇಖಕನನ್ನು ನಂಬಬಹುದು.

ಕ್ಲಾರ್ಕ್ ಮತ್ತು ಅಸಿಮೋವ್

ಲೆಕ್ಕದಲ್ಲಿ ಬಹುಮಟ್ಟಿಗೆ ಸೋಲದವನು ಆರ್ಥರ್ ಸಿ. ಕ್ಲಾರ್ಕ್. ಇಂಗ್ಲೆಂಡಿನಲ್ಲಿ ೧೯೧೭ರಲ್ಲಿ ಹುಟ್ಟಿ, ೧೯೫೬ರಿಂದ ಶ್ರೀಲಂಕೆಯಲ್ಲಿ ನೆಲೆಸಿ, ೨೦೦೮ರಲ್ಲಿ ಅಲ್ಲಿಯೇ ತೀರಿಕೊಂಡನು. ಈತನ ೧೯೭೩ರ ಕಾದಂಬರಿಯಲ್ಲಿ "ರಾಮ" ಎಂದು ಖಗೋಳಜ್ಞರು ಹೆಸರಿಟ್ಟ ಒಂದು ಭಾರಿ ಉರುಳೆ ಸೌರವ್ಯೂಹದೊಳಕ್ಕೆ ಬರುತ್ತದೆ. ಅದರ ಒಳಗಣ ಅಗಲ ೧೬ ಕಿಲೋಮೀಟರು. ಅದು ೪ ನಿಮಿಷಕ್ಕೊಮ್ಮೆ ಸುತ್ತುತ್ತದೆ. ಈ ಎರಡು ಅಂಕಿಗಳಿಂದ ಒಳಗೋಡೆಯ ಮೇಲೆ ನಿಂತವನ ತೂಕವನ್ನು ನಾವೇ ಕಂಡುಹಿಡಿಯಬಹುದು: ಭೂಮಿಯ ಮೇಲಿನದರ ಅರ್ಧಕ್ಕಿಂತ ತುಸು ಹೆಚ್ಚು. ನಟ್ಟನಡುವಿನ ಅಕ್ಷದಲ್ಲಿ ತೂಕ ಸೊನ್ನೆ. ಮೆಟ್ಟಿಲಿಳಿದಂತೆಲ್ಲ ದೂರಕ್ಕೆ ಸರಿಯಾಗಿ ತೂಕ ಏರುತ್ತದೆ. ಕ್ಲಾರ್ಕನ ಪಾತ್ರಗಳು ಅನುಭವಿಸುವುದೂ ಇದನ್ನೇ. ಆ ಉರುಳೆಯೊಳಗಣ ಸಮುದ್ರದ ಒಂದು ದಂಡೆ ೫೦ ಮೀಟರು, ಎದುರು ದಂಡೆ ೫೦೦ ಮೀಟರು ಎತ್ತರವಾಗಿವೆ. ಏಕಿರಬಹುದು? ಕಥೆ ಉತ್ತರವನ್ನು ಹೇಳುವ ಮೊದಲೇ ಪುಸ್ತಕವನ್ನು ಮುಚ್ಚಿ, ಓಡುವ ಬಂಡಿಯಲ್ಲಿಟ್ಟ ನೀರಿನ ಕೊಡವನ್ನು ಒಮ್ಮೆ ನೆನೆಯಿರಿ.

ಐಸಾಕ್ ಅಸಿಮೋವ್ (೧೯೨೦–೧೯೯೨) ಜೀವರಸಾಯನವಿಜ್ಞಾನವನ್ನು ಬೋಧಿಸುತ್ತಿದ್ದವನು. ಈತನ ಪರೀಕ್ಷೆ ಅಂಕಗಣಿತದ್ದಲ್ಲ, ತರ್ಕದ್ದು. ಮನುಷ್ಯನಿಗೆ ಕೇಡಾಗಗೊಡಬಾರದು, ಆಜ್ಞೆಯನ್ನು ಪಾಲಿಸಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು ಎಂಬ ಮೂರು ವಿಧಿಗಳನ್ನು, ಒಂದಕ್ಕಿಂತ ಒಂದು ಕೆಳಗಾಗಿ, ಆತ ತನ್ನ ಯಂತ್ರಮಾನವರಿಗೆ ವಿಧಿಸಿದ್ದಾನೆ. ಈ ವಿಧಿಗಳು ಮೊದಲು ಸ್ಪಷ್ಟವಾಗಿ ಬಂದ ೧೯೪೨ರ ಕಥೆಯಲ್ಲಿ ಬುಧಗ್ರಹದ ಮೇಲೆ ಒಂದು ಯಂತ್ರಮಾನವನು ಸೆಲಿನಿಯಮಿನ ಹೊಂಡವೊಂದನ್ನು ಸುಮ್ಮನೆ ಸುತ್ತುತ್ತಿದ್ದಾನೆ. ಆಜ್ಞೆಯನ್ನು ಸಲೀಸಾಗಿ, ಒತ್ತಿ ಹೇಳದೆ ಕೊಟ್ಟಿದ್ದರು. ಹೊಂಡದ ಬಳಿ ಅಪಾಯವಿತ್ತು. ಮುಂದಕ್ಕೆ ತಳ್ಳುವ ವಿಧಿಗೂ ಹಿಂದಕ್ಕೆ ಎಳೆಯುವ ವಿಧಿಗೂ ಸಮತೋಲವಾದೆಡೆಯಲ್ಲಿ ಆತ ಸಿಕ್ಕಿಕೊಂಡಿದ್ದಾನೆ. ಯಂತ್ರಗಳಿಗೆ ಮಾತಿನಲ್ಲಿಯೇ ಅಪ್ಪಣೆ ಕೊಡುವ ನಮ್ಮ ಈ ದಿನಗಳಲ್ಲಿ, ಸರಿಯಾದ ವಿಧಿಗಳಿಂದಲೂ ತಪ್ಪಾದ ನಡತೆ ಹೇಗೆ ಹುಟ್ಟಬಹುದೆಂಬ ಈ ಪಾಠ ಹಳೆಯದಾಗಿಲ್ಲ.

ಬಲ್ಲೆವೆಂಬ ಹೆಮ್ಮೆಯನ್ನು ಇಳಿಸಿಕೊಳ್ಳಬೇಕೆಂದಾಗ ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್‌ನನ್ನು ಓದಬೇಕು. ಆತನ "ಸೊಲಾರಿಸ್" (೧೯೬೧) ಕಾದಂಬರಿಯಲ್ಲಿ ಒಂದು ಗ್ರಹವನ್ನೆಲ್ಲ ಆವರಿಸಿದ ಜೀವಂತ ಸಾಗರವಿದೆ. ಅದನ್ನು ಕುರಿತು ವಿಜ್ಞಾನಿಗಳು ಗ್ರಂಥಾಲಯಗಳನ್ನೇ ತುಂಬಿಸಿದರೂ ಅದು ಅರ್ಥವಾಗಿಲ್ಲ. ಅಮೆರಿಕದ ಉರ್ಸುಲಾ ಲೆ ಗ್ವಿನ್ ಮಾನವಶಾಸ್ತ್ರಜ್ಞನ ಮಗಳು. ಈಕೆಯ ೧೯೬೯ರ ಕಾದಂಬರಿ ಒಪ್ಪಿಸುವ ಒಂದೇ ಸುಳ್ಳು, ಗಂಡು ಹೆಣ್ಣೆಂಬ ಶಾಶ್ವತ ಭೇದವಿಲ್ಲದ ಒಂದು ಜನಾಂಗ. ಅಲ್ಲಿಂದ ಮನೆ, ರಾಜ್ಯ, ಗೆಳೆತನ ಇವೆಲ್ಲ ಹೇಗೆ ಬದಲಾದಾವೆಂಬುದನ್ನು ಭೌತಶಾಸ್ತ್ರಜ್ಞನಷ್ಟೇ ಕಟ್ಟುನಿಟ್ಟಾಗಿ ಆಕೆ ಬಿಡಿಸಿಟ್ಟಿದ್ದಾಳೆ.

ನಮ್ಮ ದೇಶದವರು

ಇದೆಲ್ಲ ಪರದೇಶದ ಬೆಳೆಯೆಂದು ಯಾರೂ ತಿಳಿಯಬೇಕಾಗಿಲ್ಲ. ವಿಜ್ಞಾನಿ ಜಗದೀಶಚಂದ್ರ ಬೋಸರು ೧೮೯೬ರಲ್ಲಿಯೇ, ತಲೆಗೆಣ್ಣೆಯ ವ್ಯಾಪಾರಿಯೊಬ್ಬರು ಏರ್ಪಡಿಸಿದ್ದ ಸ್ಪರ್ಧೆಗಾಗಿ, ಬಂಗಾಳಿಯಲ್ಲಿ ಒಂದು ಕಥೆಯನ್ನು ಬರೆದರು. ಸಮುದ್ರಕ್ಕೆ ಸುರಿದ ಒಂದು ಸೀಸೆ ತಲೆಗೆಣ್ಣೆಯಿಂದ ಚಂಡಮಾರುತವೇ ಅಡಗುವ ಕಥೆಯದು. ತೆಳ್ಳಗೆ ಹರಡಿದ ಎಣ್ಣೆ ನೀರಿನ ಕಿರುದೆರೆಗಳನ್ನು ತಗ್ಗಿಸುವುದು ನಿಜ. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಕೊಳವೊಂದರಲ್ಲಿ ಪರೀಕ್ಷಿಸಿ ನೋಡಿದ್ದನು. ಚಂಡಮಾರುತ ಅಡಗುವುದೆಂಬುದು ಮಾತ್ರ ನಗೆಯ ಉತ್ಪ್ರೇಕ್ಷೆ. ನಿಜ ಎಲ್ಲಿ ಮುಗಿದು ನಗೆ ಎಲ್ಲಿ ಮೊದಲಾಗುವುದೆಂದು ಗುರುತಿಸುವುದು ಒಳ್ಳೆಯ ಅಭ್ಯಾಸ. ೧೯೦೫ರಲ್ಲಿ ರೊಕೆಯಾ ಸಖಾವತ್ ಹುಸೇನರು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಬರೆದ ಸುಲ್ತಾನಳ ಕನಸಿನ ಕಥೆಯಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡಿಗೆ ಮಾಡುತ್ತಾರೆ. ಗಂಡಸರು ಪರದೆಯ ಹಿಂದೆ ಇದ್ದಾರೆ.

ಖಗೋಳವಿಜ್ಞಾನಿ ಜಯಂತ ನಾರ್ಳೀಕರರು (೧೯೩೮–೨೦೨೫) ತಮ್ಮ ಮೊದಲ ಮರಾಠಿ ವಿಜ್ಞಾನಕಥೆಯನ್ನು, ತೀರ್ಪುಗಾರರು ಹೆಸರಿಗೆ ಮರುಳಾಗದಿರಲೆಂದು, ಬೇರೊಂದು ಹೆಸರಿನಲ್ಲಿ ಸ್ಪರ್ಧೆಗೆ ಕಳುಹಿಸಿ ಬಹುಮಾನವನ್ನು ಪಡೆದರು. ಕಥೆಯ ವಸ್ತು ಕೃಷ್ಣವಿವರ. ಕನ್ನಡದಲ್ಲಿ ಈ ಬಗೆಯ ಕಾದಂಬರಿಗಳನ್ನು ನಿಷ್ಠೆಯಿಂದ ರಚಿಸಿದ ರಾಜಶೇಖರ ಭೂಸನೂರಮಠರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ನುಡಿಯಲ್ಲಿ ಇಂಥ ಕಥೆಗಳು ಬೆಳೆಯಬೇಕಾದರೆ ಪೆನ್ಸಿಲು ಹಿಡಿದು ಓದುವವರೂ ಬೆಳೆಯಬೇಕು.

ಒಂದು ಕಥೆಯ ಪರಿಣಾಮ

ಕಥೆಗಳನ್ನು ಓದಲು ಇಷ್ಟು ಪರಿಶ್ರಮವೇಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ನಡೆದ ಒಂದು ಸಂಗತಿಯೇ ಉತ್ತರ. ವೆಲ್ಸ್ ೧೯೧೪ರಲ್ಲಿ ಇನ್ನೊಂದು ಕಾದಂಬರಿಯನ್ನು ಪ್ರಕಟಿಸಿದನು. ರೇಡಿಯಮ್ಮನ್ನು ಕುರಿತ ಫ್ರೆಡರಿಕ್ ಸಾಡಿಯ ಗ್ರಂಥವನ್ನು ಓದಿದ್ದ ಆತ, ಪರಮಾಣುವಿನ ಶಕ್ತಿ ಮನುಷ್ಯನ ಕೈಗೆ ಸಿಕ್ಕಿತೆಂಬ ಒಂದನ್ನು ಕಲ್ಪಿಸಿಕೊಂಡು, ಪರಮಾಣು ಬಾಂಬುಗಳಿಂದ ನಗರಗಳು ನಾಶವಾಗುವ ಯುದ್ಧವನ್ನು ವರ್ಣಿಸಿದನು. ಬಾಂಬಿನ ವಿವರಗಳು ತಪ್ಪು: ಅವನ ಬಾಂಬು ಒಂದೇ ಸಲ ಸಿಡಿಯದೆ ದಿನಗಟ್ಟಲೆ ಉರಿಯುತ್ತದೆ. ಆದರೆ ಪರಿಣಾಮದ ತರ್ಕ ಸರಿಯಾಗಿತ್ತು.

ಹಂಗೇರಿಯ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅದನ್ನು ೧೯೩೨ರಲ್ಲಿ ಓದಿದನು. ಮರುವರ್ಷ ಲಂಡನ್ನಿನಲ್ಲಿದ್ದಾಗ ನ್ಯೂಟ್ರಾನುಗಳಿಂದ ಸರಪಳಿ ಕ್ರಿಯೆಯನ್ನು ನಡೆಸಬಹುದೆಂಬ ಆಲೋಚನೆ ಅವನಿಗೆ ಹೊಳೆಯಿತು. ೧೯೩೪ರಲ್ಲಿ ಅದಕ್ಕೆ ಪೇಟೆಂಟು ಬೇಡಿದನು. ಅದು ಬಹಿರಂಗವಾದರೆ ಏನಾದೀತೆಂಬುದು ವೆಲ್ಸ್‌ನನ್ನು ಓದಿದ್ದ ತನಗೆ ತಿಳಿದಿತ್ತೆಂದು ಆತನೇ ಮುಂದೆ ಬರೆದಿದ್ದಾನೆ. ಗುಟ್ಟು ಉಳಿಯಲೆಂದು ಪೇಟೆಂಟನ್ನು ಬ್ರಿಟಿಷ್ ನೌಕಾಖಾತೆಗೆ ಒಪ್ಪಿಸಿದನು. ಹಿಟ್ಲರನಿಗೆ ಹೆದರಿ, ಅಮೆರಿಕದ ಅಧ್ಯಕ್ಷನಿಗೆ ಐನ್‌ಸ್ಟೈನ್ ೧೯೩೯ರಲ್ಲಿ ಬರೆದ ಪತ್ರಕ್ಕೆ ಕಾರಣನಾದವನೂ ಇವನೇ. ೧೯೪೫ರ ಜುಲೈನಲ್ಲಿ ಆ ಬಾಂಬನ್ನು ಜಪಾನಿನ ಮೇಲೆ ಮುನ್ನೆಚ್ಚರಿಕೆಯಿಲ್ಲದೆ ಹಾಕಬಾರದೆಂದು ಸಹೋದ್ಯೋಗಿಗಳ ರುಜುಗಳೊಡನೆ ಬಿನ್ನವತ್ತಳೆಯನ್ನು ಬರೆದವನೂ ಇವನೇ. ಆಗಸ್ಟ್ ೬ರಂದು ಹಿರೋಷಿಮಾ ಸುಟ್ಟುಹೋಯಿತು. ಕಥೆಯೊಂದು ಆ ಅನಾಹುತವನ್ನು ತಪ್ಪಿಸಲಿಲ್ಲ. ಆದರೆ ಅದು ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ ಒಬ್ಬ ವಿಜ್ಞಾನಿಯನ್ನು ಎಚ್ಚರಿಸಿತ್ತು. ಆತ ಬಾಂಬಿನ ತಪ್ಪು ವಿವರವನ್ನು ಬದಿಗಿಟ್ಟು, ಸರಿಯಾದ ತರ್ಕವನ್ನು ಮನಸ್ಸಿನಲ್ಲಿಟ್ಟುಕೊಂಡನು. ಅಗಿದು ಓದುವುದೆಂದರೆ ಇದೇ.

ಈಗ ಎಲ್ಲಿಂದ ಮೊದಲುಮಾಡಬೇಕು? ಹೊಸಬರು ಅಸಿಮೋವನ ಸಣ್ಣಕಥೆಗಳಿಂದ ಹೊರಟು, ಕ್ಲಾರ್ಕನ "ರಾಮ"ನನ್ನು ದಾಟಿ, ಆಮೇಲೆ ವರ್ನ್, ವೆಲ್ಸರಿಗೆ ಹಿಂತಿರುಗಲಿ; ಲೆಕ್ಕದ ರುಚಿ ಹತ್ತಿದವರು ಕ್ಲೆಮೆಂಟನನ್ನು ಹಿಡಿಯಲಿ; ಲೆಮ್ ಕೊನೆಗಿರಲಿ. ಪ್ರತಿಯೊಂದು ಕಥೆ ಮುಗಿದಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇಲ್ಲಿ ನಮ್ಮಿಂದ ಒಪ್ಪಿಸಿಕೊಂಡ ಸುಳ್ಳು ಯಾವುದು? ಅದರಿಂದ ತಾನಾಗಿ ಹೊರಡುವ ನಿಜಗಳು ಯಾವುವು? ಕಥೆಗಾರನು ಕಾಣದೆಯೋ ಕಂಡೂ ಕಾಣದಂತೆಯೋ ಬಿಟ್ಟ ನಿಜ ಯಾವುದು? ಮೂರನೆಯದಕ್ಕೆ ಉತ್ತರ ಸಿಕ್ಕ ದಿನ, ವರ್ನ್‌ನ ಫಿರಂಗಿಯಲ್ಲಿ ನಾವು ಕಂಡಂತೆ ನಿಮಗೂ ಒಂದು ಸಂತೋಷ ಕಾದಿದೆ. ಆ ಸಂತೋಷವನ್ನು ಪಕ್ಕದವರಿಗೂ ಹಂಚಿರಿ. ಪುಸ್ತಕವನ್ನು ಎರವಲು ಕೊಡುವಾಗ ಜೊತೆಗೊಂದು ಪೆನ್ಸಿಲನ್ನೂ ಕೊಡುವುದನ್ನು ಮಾತ್ರ ಮರೆಯಬೇಡಿರಿ.